ಮಸ್ಕಿಯ ದೀಡ, ಮಳಖೇಡದ ಹಾರ: ನಮ್ಮ ಸೀಮೆಯ ಲೆಕ್ಕದ ಕಥೆ

ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಒಂದು ಲೆಕ್ಕ ಸುತ್ತುತ್ತಿರುತ್ತದೆ. '12345679 ಅನ್ನು 9ರಿಂದ ಗುಣಿಸಿ, ಮ್ಯಾಜಿಕ್ ನೋಡಿ' ಅಂತ. ಗುಣಿಸಿದರೆ 111111111 ಬರುತ್ತದೆ. ಒಂಬತ್ತು ಒಂದುಗಳು, ಸಾಲಾಗಿ ಪೋಣಿಸಿದ ಹಾಗೆ. ನೋಡಿದವರು ಒಂದು ಕೈಮುಗಿಯುವ ಚಿತ್ರ ಹಾಕಿ ಮುಂದಿನ ಗುಂಪಿಗೆ ಕಳಿಸುತ್ತಾರೆ.

ಈ ಲೆಕ್ಕ ಮೊಬೈಲ್ ಜೊತೆ ಹುಟ್ಟಿದ್ದಲ್ಲ. ಸುಮಾರು ಕ್ರಿ.ಶ. 850ರ ಹೊತ್ತಿಗೆ ಇದೇ ಲೆಕ್ಕವನ್ನು ಮಹಾವೀರಾಚಾರ್ಯ ಎಂಬ ಜೈನ ಪಂಡಿತ ತನ್ನ ಪುಸ್ತಕದಲ್ಲಿ ಬರೆದಿಟ್ಟ. ಆಗ ಆಳುತ್ತಿದ್ದವನು ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ. ಅವನ ರಾಜಧಾನಿ ಮಾನ್ಯಖೇಟ, ಅಂದರೆ ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ. ಸಿಂಧನೂರು, ಮಸ್ಕಿ, ಲಿಂಗಸುಗೂರಿನಿಂದ ಕೃಷ್ಣೆ, ಭೀಮೆ ದಾಟಿದರೆ ಕಾಗಿಣಾ ದಂಡೆಯ ಆ ಊರು ಸಿಗುತ್ತದೆ. ನಮ್ಮ ದೋಆಬ್ ಸೀಮೆಯೂ ಆಗ ಅದೇ ರಾಜ್ಯದೊಳಗಿತ್ತು.

ನಮ್ಮ ಭಾಗದ ಇತಿಹಾಸ ಅಂದರೆ ಯುದ್ಧ, ಕೋಟೆ, ಬರ, ಗುಳೆ ಅಂತಲೇ ಬರೆಯುವುದು ರೂಢಿ. ಲೆಕ್ಕದ ಇತಿಹಾಸವೂ ಇಲ್ಲಿದೆ ಅಂತ ಹೇಳುವವರು ಕಡಿಮೆ. ಮಸ್ಕಿಯ ಬಂಡೆಯಿಂದ ಶುರುಮಾಡಿ ಮಳಖೇಡದ ಒಂದು ದೊಡ್ಡ ಸಂಖ್ಯೆಯವರೆಗೆ ಆ ದಾರಿಯನ್ನು ಇಲ್ಲಿ ಹಿಡಿದಿದ್ದೇವೆ. ಪೆನ್ನು, ಹಾಳೆ ಪಕ್ಕಕ್ಕಿಟ್ಟುಕೊಂಡು ಓದಿದರೆ ಇನ್ನೂ ಚೆಂದ.

ಬಂಡೆ ಮೇಲಿನ ಎರಡು ಲೆಕ್ಕ

ಮಸ್ಕಿಯ ದುರ್ಗದ ಗುಡ್ಡದ ಗವಿಯಲ್ಲಿರುವ ಅಶೋಕನ ಶಾಸನ ಎಲ್ಲರಿಗೂ ಗೊತ್ತು. 1915ರ ಜನವರಿಯಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಅದನ್ನು ಕಂಡ. ಆಗ ಇದು ನಿಜಾಮರ ಹೈದರಾಬಾದ್ ಸಂಸ್ಥಾನ. ಬೀಡನ್ ಹುಡುಕುತ್ತಿದ್ದದ್ದು ಬಂಗಾರದ ಅದಿರು, ಸಿಕ್ಕಿದ್ದು ಅಕ್ಷರ. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದು ಮಾತ್ರ ಇತ್ತು. ಮಸ್ಕಿಯಲ್ಲಿ 'ಅಶೋಕ' ಎಂಬ ಹೆಸರೇ ಸಿಕ್ಕಿತು. ಆಮೇಲೆ ಮಧ್ಯಪ್ರದೇಶದ ಗುಜರ್ರಾ, ತುಂಗಭದ್ರೆಯ ಆಚೆ ದಂಡೆಯ ನಿಟ್ಟೂರು, ಉಡೇಗೋಳದಲ್ಲೂ ಆ ಹೆಸರು ಸಿಕ್ಕಿತು. ಮೊದಲು ಸಿಕ್ಕಿದ್ದು ಮಾತ್ರ ನಮ್ಮಲ್ಲಿ.

ಹೆಸರಿನ ಗದ್ದಲದಲ್ಲಿ ಆ ಶಾಸನದೊಳಗಿನ ಎರಡು ಲೆಕ್ಕಗಳನ್ನು ಯಾರೂ ಗಮನಿಸುವುದಿಲ್ಲ.

ಮೊದಲನೆಯದು ಶುರುವಿನಲ್ಲೇ ಇದೆ. ತಾನು ಬುದ್ಧನ ದಾರಿ ಹಿಡಿದು ಎರಡೂವರೆ ವರ್ಷದ ಮೇಲಾಯಿತು ಅನ್ನುತ್ತಾನೆ ಅಶೋಕ. ಅಲ್ಲಿರುವ ಪ್ರಾಕೃತ ಪದ 'ಅಢತಿಯ'. ಅರ್ಧ ಮತ್ತು ಮೂರನೆಯದು ಎಂಬ ಎರಡು ಮಾತು ಸೇರಿ ಆದ ಪದ. ಎರಡು ಪೂರ್ತಿಯಾಗಿವೆ, ಮೂರನೆಯದು ಅರ್ಧವಾಗಿದೆ ಅಂತ ಅರ್ಥ.

ಎರಡನೆಯದು ಕೊನೆಯಲ್ಲಿದೆ. ಹೀಗೆ ನಡೆದರೆ ಈ ಒಳ್ಳೆಯದು ಬಹುಕಾಲ ಉಳಿದು, ಒಂದೂವರೆ ಪಟ್ಟು ಬೆಳೆಯುತ್ತದೆ ಅನ್ನುತ್ತಾನೆ. ಅಲ್ಲಿರುವ ಪದ 'ದಿಯಢಿಯ'. ಎರಡನೆಯದು ಅರ್ಧ, ಅಂದರೆ ಒಂದೂವರೆ. ತಟ್ಟೆಯಲ್ಲಿ ಒಂದು ರೊಟ್ಟಿ ಇಡಿಯಾಗಿದೆ, ಎರಡನೆಯದು ಅರ್ಧ ಉಳಿದಿದೆ ಅಂದ ಹಾಗೆ.

ಈಗ ಕಿವಿ ಕೊಟ್ಟು ಕೇಳಿ. ದಿಯಢಿಯ ಸವೆದು ಹಿಂದಿ, ಉರ್ದುವಿನಲ್ಲಿ 'ಡೇಢ್' ಆಯಿತು, ಮರಾಠಿಯಲ್ಲಿ 'ದೀಡ' ಆಯಿತು. ಅಢತಿಯ ಸವೆದು 'ಢಾಯಿ', 'ಅಡೀಚ' ಆಯಿತು. ನಮ್ಮ ಕಡೆಯ ಹಿರಿಯರು ಸಂತೆಯಲ್ಲಿ 'ದೀಡ', 'ಅಡೀಚ', 'ಸವ್ವಾ' ಅನ್ನುತ್ತಿದ್ದರಲ್ಲ, ಅವೇ ಇವು. ಸುಮಾರು 2,270 ವರ್ಷದ ಹಿಂದೆ ಮಸ್ಕಿಯ ಕಲ್ಲಿನ ಮೇಲೆ ಕೆತ್ತಿದ ಲೆಕ್ಕದ ಮಾತು ಬೇರೆ ಬೇರೆ ಭಾಷೆಗಳ ಬಾಯಿ ಸುತ್ತಿ ಮತ್ತೆ ಮಸ್ಕಿ ಸಂತೆಗೇ ಬಂದು ಸೇರಿತ್ತು.

ಶಾಸನದ ನಡುವೆ ಇನ್ನೊಂದು ಮಾತಿದೆ. ಈ ಫಲ ದೊಡ್ಡವರಿಗೆ ಮಾತ್ರ ಸಿಗುವಂಥದ್ದು ಅಂತ ತಿಳಿಯಬೇಡಿ, ಸಣ್ಣವರೂ ಪ್ರಯತ್ನಪಟ್ಟರೆ ಪಡೆಯಬಹುದು ಎಂಬ ಅರ್ಥದ ಮಾತು. ಅಶೋಕ ಅದನ್ನು ಹೇಳಿದ್ದು ಧರ್ಮದ ಬಗ್ಗೆ. ಲೆಕ್ಕಕ್ಕೂ ಅದು ಒಪ್ಪುತ್ತದೆ ಅನ್ನುವುದು ನಮ್ಮ ಮಾತು.

256 ಎಂಬ ಒಗಟು

ಮಸ್ಕಿಯ ಶಾಸನಕ್ಕೆ ದೇಶದ ತುಂಬ ಅಣ್ಣತಮ್ಮಂದಿರಿದ್ದಾರೆ. ಒಂದೇ ಸಂದೇಶವನ್ನು ಹಲವು ಕಡೆ ಕೆತ್ತಿಸಲಾಗಿತ್ತು. 1892ರಲ್ಲಿ ಬಿ.ಎಲ್. ರೈಸ್ ಕಂಡ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಶಾಸನ ಅವುಗಳಲ್ಲೊಂದು. ಅಲ್ಲಿ ಒಂದು ಸಂಖ್ಯೆ ಬರುತ್ತದೆ: 256. ಮಸ್ಕಿಯ ಪಾಠದಲ್ಲಿ ಅದು ಇಲ್ಲ.

ಏನದು 256? ಬುದ್ಧ ತೀರಿಹೋಗಿ 256 ವರ್ಷವಾಯಿತು ಅಂತ ಮೊದಲು ಕೆಲವು ವಿದ್ವಾಂಸರು ಅರ್ಥ ಮಾಡಿದ್ದರು. ಬಿಹಾರದ ಸಹಸ್ರಾಮ್ ಶಾಸನದಲ್ಲಿ ಆ ಸಂಖ್ಯೆ ಅಕ್ಷರದಲ್ಲೂ ಇದೆ, ಅದರ ಜೊತೆ 'ರಾತ್ರಿ' ಎಂಬ ಪದವೂ ಇದೆ. ಹಾಗಾಗಿ ಅರಮನೆ ಬಿಟ್ಟು ಸಂಚಾರದಲ್ಲಿ ಕಳೆದ 256 ರಾತ್ರಿಗಳು ಎಂಬ ಅರ್ಥವನ್ನೇ ಈಗ ಹೆಚ್ಚಿನವರು ಒಪ್ಪುತ್ತಾರೆ.

ನಮಗೆ ಬೇಕಾದದ್ದು ಅದನ್ನು ಬರೆದ ರೀತಿ. ನಾವು 2, 5, 6 ಎಂಬ ಮೂರು ಅಂಕಿ ಬರೆಯುತ್ತೇವೆ. ಅಶೋಕನ ಲಿಪಿಕಾರ ಹಾಗೆ ಬರೆಯಲಿಲ್ಲ. ಅವನು 200ಕ್ಕೆ ಒಂದು ಗುರುತು, 50ಕ್ಕೆ ಇನ್ನೊಂದು ಗುರುತು, 6ಕ್ಕೆ ಮತ್ತೊಂದು ಗುರುತು ಹಾಕಿದ. ಕೂಡಿಸಿದರೆ 256. ನಮ್ಮ ಬರಹದಲ್ಲಿ 2 ಎಂಬ ಅಂಕಿ ಕೂತ ಜಾಗದ ಮೇಲೆ ಎರಡೋ, ಇಪ್ಪತ್ತೋ, ಇನ್ನೂರೋ ಆಗುತ್ತದೆ. ಅವನ ಕಾಲಕ್ಕೆ ಆ ಉಪಾಯ ಬಂದಿರಲಿಲ್ಲ. ಜಾಗಕ್ಕೆ ಬೆಲೆಯಿಲ್ಲದಾಗ ಖಾಲಿ ಜಾಗ ತೋರಿಸುವ ಸೊನ್ನೆಯೂ ಬೇಕಾಗುವುದಿಲ್ಲ.

ಹದಿನಾರಾಣೆ ಮಾತು

256 ಎಂಬ ಸಂಖ್ಯೆಗೆ ಒಂದು ಗುಣವಿದೆ. ಅದನ್ನು ಅರ್ಧ ಮಾಡುತ್ತ ಹೋಗಿ: 128, 64, 32, 16, 8, 4, 2, 1. ಎಂಟು ಸಲ ಅರ್ಧ ಮಾಡಿದರೂ ಎಲ್ಲೂ ಒಡಕು ಬರುವುದಿಲ್ಲ. ತಿರುಗಿ ಹೇಳಿದರೆ, 1ನ್ನು ಎಂಟು ಸಲ ಇಮ್ಮಡಿ ಮಾಡಿದರೆ 256. 16ನ್ನು 16ರಿಂದ ಗುಣಿಸಿದರೂ ಅದೇ.

ತಕ್ಕಡಿ ಹಿಡಿದವರಿಗೆ ಅರ್ಧ ಮಾಡುವುದು ಎಲ್ಲಕ್ಕಿಂತ ಸುಲಭ. ಎರಡು ತಟ್ಟೆ ಸಮವಾದರೆ ಅರ್ಧ, ಅದರಲ್ಲಿ ಅರ್ಧ ಕಾಲು. ಹಾಗಾಗಿಯೇ ಹಳೆಯ ಅಳತೆಗಳು ಅರ್ಧ, ಕಾಲುಗಳ ಮೇಲೆ ನಿಂತಿದ್ದವು. ಒಂದು ರೂಪಾಯಿಗೆ 16 ಆಣೆ. ನಿಜಾಮರ ಹಾಲಿ ಸಿಕ್ಕಾ ರೂಪಾಯಿಗೂ 16 ಆಣೆಯೇ. ಒಂದು ಸೇರಿಗೆ 16 ಛಟಾಕು. ಹದಿನಾರು ರೂಪಾಯಿಗೆ ಎಷ್ಟು ಆಣೆ? 256. 1957ರ ಏಪ್ರಿಲ್ 1ರಂದು ನೂರು ಪೈಸೆಯ ರೂಪಾಯಿ ಬಂದು ಆಣೆಯ ಲೆಕ್ಕ ಮುಗಿಯಿತು. ಆದರೂ ಪೂರ್ತಿ ನಿಜವಾದ ಮಾತಿಗೆ ಈಗಲೂ ನಾವು 'ಹದಿನಾರಾಣೆ ಸತ್ಯ' ಅನ್ನುತ್ತೇವೆ.

ಆಣೆ ಹೋದರೂ ಇಮ್ಮಡಿಯ ಲೆಕ್ಕ ಹೋಗಲಿಲ್ಲ. ಮೊಬೈಲ್ ಅಂಗಡಿಯಲ್ಲಿ 64 ಜಿಬಿ, 128 ಜಿಬಿ, 256 ಜಿಬಿ ಫೋನ್ ಸಿಗುತ್ತವೆ. 100 ಜಿಬಿ, 250 ಜಿಬಿ ಯಾಕಿಲ್ಲ? ಫೋನಿನ ಒಳಗೆ ಎಲ್ಲವೂ ಹೌದು, ಅಲ್ಲ ಎಂಬ ಎರಡೇ ಗುರುತುಗಳಲ್ಲಿ ನಡೆಯುತ್ತದೆ. ಒಂದೊಂದು ಗುರುತು ಸೇರಿಸಿದಾಗಲೂ ಬರೆಯಬಹುದಾದ ಬಗೆಗಳು ಇಮ್ಮಡಿಯಾಗುತ್ತವೆ. ಎಂಟು ಗುರುತಿಗೆ 256 ಬಗೆ. ಅಶೋಕನ ರಾತ್ರಿಗಳಿಗೂ ಫೋನಿಗೂ ಸಂಬಂಧವಿಲ್ಲ. ಸಂಖ್ಯೆ ಒಂದೇ, ಅಷ್ಟೆ.

ಮಳಖೇಡದ ಕಾಲದ ಲೆಕ್ಕಿಗ

ಅಶೋಕನಿಂದ ಮಹಾವೀರಾಚಾರ್ಯನವರೆಗೆ ಸಾವಿರದ ನೂರು ವರ್ಷದ ದೂರ. ಆ ನಡುವೆ ಲೆಕ್ಕ ಬರೆಯುವ ರೀತಿಯೇ ಬದಲಾಯಿತು. ಅಂಕಿ ಕೂತ ಜಾಗಕ್ಕೆ ಬೆಲೆ ಬಂತು. 499ರ ಸುಮಾರಿಗೆ ಆರ್ಯಭಟ ಬರೆದ, 628ರಲ್ಲಿ ಬ್ರಹ್ಮಗುಪ್ತ ಸೊನ್ನೆಯನ್ನು ಕೂಡುವ, ಕಳೆಯುವ ನಿಯಮ ಹೇಳಿದ. ಇಬ್ಬರೂ ನಮ್ಮ ನಾಡಿನವರಲ್ಲ. ಲೆಕ್ಕ ಒಂದು ಊರಿನ ಆಸ್ತಿಯಲ್ಲ, ಕೈಯಿಂದ ಕೈಗೆ ದಾಟಿದ ಸಾಲ. ಭಾರತದ ಈ ಬರಹ ಅರಬರ ಕೈಗೆ, ಅಲ್ಲಿಂದ ಯೂರೋಪಿಗೆ ಹೋಯಿತು.

ಅಮೋಘವರ್ಷ ಆಳಿದ್ದು 814ರಿಂದ 878ರವರೆಗೆ. ಕನ್ನಡದ ಮೊದಲ ಗ್ರಂಥವಾಗಿ ಉಳಿದಿರುವ 'ಕವಿರಾಜಮಾರ್ಗ' ಅವನ ಆಸ್ಥಾನದ್ದು. ಅದೇ ಅರಸನನ್ನು ಹೊಗಳಿ ಮಹಾವೀರಾಚಾರ್ಯ ತನ್ನ 'ಗಣಿತಸಾರಸಂಗ್ರಹ' ಶುರುಮಾಡುತ್ತಾನೆ. ಭಾಷೆ ಸಂಸ್ಕೃತ, ಸಾವಿರಕ್ಕೂ ಹೆಚ್ಚು ಶ್ಲೋಕ. ಹಿಂದಿನವರು ಗಣಿತವನ್ನು ಗ್ರಹ, ನಕ್ಷತ್ರದ ಶಾಸ್ತ್ರದ ಒಂದು ಅಧ್ಯಾಯವಾಗಿ ಬರೆಯುತ್ತಿದ್ದರು. ಇವನು ಪಂಚಾಂಗದ ಗೋಜಿಗೆ ಹೋಗದೆ ಲೆಕ್ಕಕ್ಕಾಗಿಯೇ ಇಡೀ ಪುಸ್ತಕ ಬರೆದ. ವ್ಯಾಪಾರ, ಅಡಿಗೆ, ವೈದ್ಯ, ಮನೆ ಕಟ್ಟುವುದು, ಸಂಗೀತ, ಎಲ್ಲಕ್ಕೂ ಲೆಕ್ಕ ಬೇಕು ಅಂತ ಶುರುವಿನಲ್ಲೇ ಪಟ್ಟಿ ಕೊಡುತ್ತಾನೆ.

ಅಂಕಿಗಳ ಜಾಗಕ್ಕೆ ಅವನು 24 ಹೆಸರು ಕೊಟ್ಟಿದ್ದಾನೆ. ಏಕ, ದಶ, ಶತ, ಸಹಸ್ರ, ಲಕ್ಷ, ಕೋಟಿ ನಮಗೆ ಗೊತ್ತು. ಅಲ್ಲಿಂದ ಮುಂದೆ ಅರ್ಬುದ, ಖರ್ವ, ಪದ್ಮ, ಶಂಖ ದಾಟಿ ಕೊನೆಗೆ ಮಹಾಕ್ಷೋಭ. 1ರ ಮುಂದೆ 23 ಸೊನ್ನೆ ಇಟ್ಟರೆ ಒಂದು ಮಹಾಕ್ಷೋಭ.

ಹಾರದ ಸಂಖ್ಯೆ

ಗುಣಾಕಾರ ಕಲಿಸುವ ಭಾಗದಲ್ಲಿ ಅವನು ಕೆಲವು ಲೆಕ್ಕ ಕೊಡುತ್ತಾನೆ. ಅವುಗಳ ಉತ್ತರವನ್ನು 'ಕಂಠಿಕೆ' ಅನ್ನುತ್ತಾನೆ, ಅಂದರೆ ಕೊರಳ ಹಾರ. ಕೆಲವು ಅರಸನ ಕೊರಳ ಹಾರ. ಆ ಸಾಲಿನ ಒಂದು ಲೆಕ್ಕ ಇದು:

27994681 × 441 = 12345654321

ಉತ್ತರವನ್ನು ಎಡದಿಂದ ಓದಿ, ಬಲದಿಂದ ಓದಿ. ಒಂದೇ. ಹಾರದ ಕೊಂಡಿ ಎರಡೂ ಕಡೆ ಸಣ್ಣ ಮಣಿ, ಬರಬರುತ್ತ ದೊಡ್ಡವು, ನಡುವೆ ಎಲ್ಲಕ್ಕಿಂತ ದೊಡ್ಡ ಪದಕ, 6. ನಮ್ಮ ಮಾತಿನಲ್ಲಿ ಹೇಳಿದರೆ ಒಂದು ಸಾವಿರದ ಇನ್ನೂರ ಮೂವತ್ನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಮಹಾವೀರಾಚಾರ್ಯ ಅದನ್ನು ಇನ್ನೂ ಸುಲಭ ಮಾಡಿದ್ದಾನೆ: ಒಂದರಿಂದ ಶುರುವಾಗಿ ಆರರವರೆಗೆ ಹೋಗಿ, ಮತ್ತೆ ಕ್ರಮವಾಗಿ ಇಳಿಯುವ ಸಂಖ್ಯೆ ಅಂತ. ಅಷ್ಟು ಹೇಳಿದರೆ ಕಣ್ಣು ಮುಚ್ಚಿಯೂ ಬರೆಯಬಹುದು. ಅಶೋಕನ ಲಿಪಿಕಾರನಿಗೆ ಈ ಮಾತು ಅರ್ಥವೇ ಆಗುತ್ತಿರಲಿಲ್ಲ. ಅವನ ಬರಹದಲ್ಲಿ ಹತ್ತರ 2, ಸಾವಿರದ 4 ಬೇರೆ ಬೇರೆ ರೂಪದವು, ಅಲ್ಲಿ ಏರಿಳಿತ ಕಣ್ಣಿಗೆ ಕಾಣುವುದಿಲ್ಲ. ಜಾಗಕ್ಕೆ ಬೆಲೆ ಬಂದ ಮೇಲೆಯೇ ಸಂಖ್ಯೆಯಲ್ಲಿ ಹಾರ ಕಂಡದ್ದು.

ಇನ್ನೊಂದು ಸಣ್ಣ ಸ್ವಾರಸ್ಯವಿದೆ. ಶ್ಲೋಕದಲ್ಲಿ ಅಂಕಿ ಬರೆಯಲಾಗದು. ಅದಕ್ಕೆ ಪಂಡಿತರು ಪದಗಳನ್ನು ಬಳಸುತ್ತಿದ್ದರು. ಚಂದ್ರ ಅಂದರೆ 1, ಕಣ್ಣು ಅಂದರೆ 2, ಅಗ್ನಿ ಅಂದರೆ 3, ವೇದ ಅಂದರೆ 4. ಹೀಗೆ ಹೇಳುವಾಗ ಬಿಡಿ ಸ್ಥಾನದಿಂದ, ಅಂದರೆ ಬಲದಿಂದ ಎಡಕ್ಕೆ ಹೇಳುವುದು ಪದ್ಧತಿ. ಗೊತ್ತಿಲ್ಲದವರು ಉಲ್ಟಾ ಬರೆದು ಕೆಡುತ್ತಿದ್ದರು. ಹಾರದ ಸಂಖ್ಯೆಯನ್ನು ಎತ್ತ ಕಡೆಯಿಂದ ಬರೆದರೂ ಕೆಡುವುದಿಲ್ಲ.

ಈಗ ಗುಟ್ಟು ಬಿಡಿಸೋಣ. ಈ ಸಂಖ್ಯೆ 111111ನ್ನು 111111ರಿಂದಲೇ ಗುಣಿಸಿದ್ದು. ಶಾಲೆಯಲ್ಲಿ ಮಾಡುವ ಹಾಗೆ ಒಂದರ ಕೆಳಗೆ ಒಂದು, ಪ್ರತಿ ಸಲ ಒಂದು ಮನೆ ಎಡಕ್ಕೆ ಸರಿಸಿ ಆರು ಸಾಲು ಬರೆಯಿರಿ. ಬಲತುದಿಯ ಮನೆಯಲ್ಲಿ ಒಂದೇ 1. ಮುಂದಿನದರಲ್ಲಿ ಎರಡು. ನಡುವಿನ ಮನೆಯಲ್ಲಿ ಆರು. ಅಲ್ಲಿಂದ ಮತ್ತೆ ಐದು, ನಾಲ್ಕು, ಮೂರು, ಎರಡು, ಒಂದು. ಯಾವ ಮನೆಯೂ 9 ದಾಟದ್ದರಿಂದ ಕೈಯಲ್ಲಿ ಏನೂ ಉಳಿಯುವುದಿಲ್ಲ. ಹಾರ ಹಾಗೇ ಉಳಿಯುತ್ತದೆ.

ಸಣ್ಣದರಿಂದ ಮಕ್ಕಳಿಗೆ ತೋರಿಸಿ:

11 × 11 = 121
111 × 111 = 12321
1111 × 1111 = 1234321

ಒಂಬತ್ತು ಒಂದುಗಳವರೆಗೆ ಇದು ನಡೆಯುತ್ತದೆ. ಹತ್ತು ಒಂದುಗಳಿಗೆ ಬಂದರೆ ನಡುವಿನ ಮನೆಯಲ್ಲಿ ಹತ್ತು ಬಂದು, ಕೈಗೆ ಒಂದು ಉಳಿದು ಹಾರ ಹರಿಯುತ್ತದೆ. ಆಗಿನ ಉತ್ತರ 1234567900987654321.

ಇನ್ನೊಂದು ಗುಣ. ಹಾರದ ಅಂಕಿಗಳನ್ನೆಲ್ಲ ಕೂಡಿಸಿ. 36 ಬರುತ್ತದೆ, ಅಂದರೆ ಆರಾರ್ಲೆ ಮೂವತ್ತಾರು. ಅಂಕಿಗಳ ಮೊತ್ತ ಒಂಬತ್ತರ ಮಗ್ಗಿಯಲ್ಲಿ ಇದ್ದರೆ ಸಂಖ್ಯೆಯೂ ಒಂಬತ್ತರ ಮಗ್ಗಿಯಲ್ಲಿರುತ್ತದೆ. ಹಾಗಾಗಿ 9ರಿಂದ ಭಾಗಿಸಿದರೆ ಶೇಷ ಉಳಿಯದು.

ಒಡೆದು ನೋಡಿದರೆ 111111 = 3 × 7 × 11 × 13 × 37. ಇವು ಮುಂದೆ ಒಡೆಯದ ಸಂಖ್ಯೆಗಳು. ಹಾರದ ಸಂಖ್ಯೆಯಲ್ಲಿ ಒಂದೊಂದೂ ಎರಡೆರಡು ಸಲ ಇದೆ. ಇದು ಗೊತ್ತಾದರೆ ಮಹಾವೀರಾಚಾರ್ಯ ಲೆಕ್ಕ ಹೆಣೆದ ಬಗೆಯೂ ಕಾಣುತ್ತದೆ. 3 ಮತ್ತು 7 ಸೇರಿ 21. ಇಪ್ಪತ್ತೊಂದನ್ನು ಇಪ್ಪತ್ತೊಂದರಿಂದ ಗುಣಿಸಿದರೆ 441. ಉಳಿದ 11, 13, 37 ಸೇರಿ 5291. ಅದನ್ನು ಅದರಿಂದಲೇ ಗುಣಿಸಿದರೆ 27994681. ಹಾರವನ್ನು ಎರಡು ತುಂಡು ಮಾಡಿ ಓದುಗನ ಕೈಗಿಟ್ಟು, ಸೇರಿಸಿ ನೋಡು ಅಂದ ಹಾಗೆ ಲೆಕ್ಕ ನಿಂತಿದೆ. ಐದು ಅವಿಭಾಜ್ಯಗಳಲ್ಲಿ ಒಂದೊಂದನ್ನೂ ಬಿಡಬಹುದು, ಒಮ್ಮೆ ಅಥವಾ ಎರಡು ಸಲ ತಗೊಳ್ಳಬಹುದು. ಹೀಗೆ 3 × 3 × 3 × 3 × 3, ಅಂದರೆ 243 ಸಂಖ್ಯೆಗಳು ಈ ಹಾರವನ್ನು ಶೇಷವಿಲ್ಲದೆ ಭಾಗಿಸುತ್ತವೆ.

ಇವುಗಳಲ್ಲಿ 7, 11, 13 ಗೆಳೆಯರು. ಮೂರನ್ನೂ ಗುಣಿಸಿದರೆ 1001. ಅದರಿಂದ ಒಂದು ಆಟ: ಮೂರಂಕಿಯ ಯಾವುದಾದರೂ ಸಂಖ್ಯೆ ತಗೊಂಡು ಎರಡು ಸಲ ಬರೆಯಿರಿ. 345 ತಗೊಂಡರೆ 345345. ಏಳರಿಂದ ಭಾಗಿಸಿ, 49335. ಹನ್ನೊಂದರಿಂದ ಭಾಗಿಸಿ, 4485. ಹದಿಮೂರರಿಂದ ಭಾಗಿಸಿ, ಮತ್ತೆ 345.

ಎಂಟು ಎಲ್ಲಿ ಹೋಯಿತು?

ಮೊದಲು ಹೇಳಿದ 12345679 × 9ರ ಲೆಕ್ಕದಲ್ಲಿ ಎಂಟು ಇಲ್ಲ. ಕಾರಣ ತಿಳಿಯಲು 111111111ನ್ನು 9ರಿಂದ ಭಾಗಿಸಿ ನೋಡಿ. 11ರಲ್ಲಿ ಒಂದು ಸಲ, ಉಳಿದದ್ದು 2. ಮುಂದಿನ ಒಂದನ್ನು ಇಳಿಸಿದರೆ 21, ಎರಡು ಸಲ, ಉಳಿದದ್ದು 3. ಆಮೇಲೆ 31, 41, 51, 61, 71. ಪ್ರತಿ ಸಲ ಭಾಗಲಬ್ಧ ಒಂದೊಂದು ಏರುತ್ತದೆ, ಶೇಷವೂ ಒಂದೊಂದು ಏರುತ್ತದೆ. 71ರಲ್ಲಿ ಏಳು ಸಲ, ಉಳಿದದ್ದು 8. ಒಂದನ್ನು ಇಳಿಸಿದರೆ 81. ಒಂಬತ್ತೊಂಬತ್ಲೆ ಎಂಬತ್ತೊಂದು! ಎಂಟು ಸಲ ಅನ್ನುವಷ್ಟರಲ್ಲಿ ಒಂಬತ್ತೇ ಪೂರ್ತಿ ಹೋಗಿಬಿಡುತ್ತದೆ, ಶೇಷ ಸೊನ್ನೆ. ಏಳಾದ ಮೇಲೆ ನೇರ ಒಂಬತ್ತು ಬರುವುದು ಅದಕ್ಕೇ. ಮ್ಯಾಜಿಕ್ ಅಲ್ಲ, ಭಾಗಾಕಾರ.

ಇದೇ ಸಾಲಿನ ಇನ್ನೊಂದು ಹಾರ: 142857143 × 7 = 1000000001. ಎರಡು ತುದಿಗೆ ಒಂದೊಂದು, ನಡುವೆ ಎಂಟು ಸೊನ್ನೆ. ಇದರೊಳಗಿನ 142857 ವಿಚಿತ್ರ ಸಂಖ್ಯೆ. ಎರಡರಿಂದ ಗುಣಿಸಿದರೆ 285714, ಮೂರರಿಂದ 428571, ನಾಲ್ಕರಿಂದ 571428, ಐದರಿಂದ 714285, ಆರರಿಂದ 857142. ಅವೇ ಆರು ಅಂಕಿಗಳು ಗಾಣದ ಎತ್ತಿನ ಹಾಗೆ ಸುತ್ತುತ್ತವೆ. ಏಳರಿಂದ ಗುಣಿಸಿದರೆ ಮಾತ್ರ 999999.

ನೂರಕ್ಕೆ ತಿಂಗಳಿಗೆ ಎಷ್ಟು?

ಹಾರದ ಲೆಕ್ಕ ಚೆಂದಕ್ಕೆ. ಮಹಾವೀರಾಚಾರ್ಯ ಅಲ್ಲಿಗೆ ನಿಲ್ಲಿಸಲಿಲ್ಲ. ಅವನ ಪುಸ್ತಕದಲ್ಲಿ ಬಡ್ಡಿಯ ಲೆಕ್ಕ, ಬಂಗಾರದ ಮಟ್ಟದ ಲೆಕ್ಕ, ನೆಲ ಅಗೆಯುವ ಲೆಕ್ಕ ಬೇಕಾದಷ್ಟಿವೆ.

ಬಡ್ಡಿಯನ್ನು ಆಗ ಹೇಳುತ್ತಿದ್ದದ್ದು ನೂರಕ್ಕೆ, ತಿಂಗಳಿಗೆ ಇಷ್ಟು ಅಂತ. ಸಿಂಧನೂರು ಸುತ್ತಲಿನ ಹಳ್ಳಿಗಳಲ್ಲಿ ಕೈಸಾಲ ಕೊಡುವವರು ಈಗಲೂ ಹಾಗೇ ಹೇಳುತ್ತಾರೆ. 'ನೂರಕ್ಕೆ ಮೂರು ರೂಪಾಯಿ' ಅಂದರೆ ಕಿವಿಗೆ ಸಣ್ಣದು. ಹನ್ನೆರಡು ತಿಂಗಳಿಗೆ ಗುಣಿಸಿದರೆ ವರ್ಷಕ್ಕೆ ನೂರಕ್ಕೆ 36. ಹತ್ತು ಸಾವಿರಕ್ಕೆ ವರ್ಷದ ಬಡ್ಡಿ 3,600. ತಿಂಗಳ ಬಡ್ಡಿ ಕಟ್ಟದೆ ಅದನ್ನೂ ಅಸಲಿಗೆ ಸೇರಿಸುತ್ತ ಹೋದರೆ, ಅಂದರೆ ಚಕ್ರಬಡ್ಡಿಯಾದರೆ, ವರ್ಷದ ಕೊನೆಗೆ ಹತ್ತು ಸಾವಿರ ಹೋಗಿ 14,257 ದಾಟುತ್ತದೆ. ಮುಂದಿನ ವರ್ಷ ಆ ಮೊತ್ತದ ಮೇಲೆ ಮತ್ತೆ ಅದೇ ಓಟ. ಬ್ಯಾಂಕಿನವರು ವರ್ಷಕ್ಕೆ, ಕೈಸಾಲದವರು ತಿಂಗಳಿಗೆ ಹೇಳುವುದರಿಂದ ಎರಡನ್ನೂ ಪಕ್ಕದಲ್ಲಿಟ್ಟು ನೋಡಲು ಒಂದು ಗುಣಾಕಾರ ಬೇಕೇ ಬೇಕು.

ಬಂಗಾರಕ್ಕೆ ಬರೋಣ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಈಗಲೂ ಚಿನ್ನ ತೆಗೆಯುತ್ತಾರೆ. ಈಗಿನ ಕಂಪನಿ 1947ರಲ್ಲಿ ಹೈದರಾಬಾದ್ ಚಿನ್ನದ ಗಣಿಯಾಗಿ ಶುರುವಾದದ್ದು. ಅದಕ್ಕೂ ಬಹಳ ಹಿಂದೆ ಇಲ್ಲಿ ನೆಲ ಅಗೆದ ಕುರುಹುಗಳಿವೆ. ಇವತ್ತು ಅಪ್ಪಟ ಚಿನ್ನಕ್ಕೆ 24 ಕ್ಯಾರೆಟ್ ಅನ್ನುತ್ತೇವೆ. ಹಳೆಯ ಗಣಿತದ ಪುಸ್ತಕಗಳಲ್ಲಿ ಅದು 16 ವರ್ಣ. ಮತ್ತೆ ಅದೇ ಹದಿನಾರು! ಬೇರೆ ಬೇರೆ ಮಟ್ಟದ ಚಿನ್ನ ಕರಗಿಸಿ ಸೇರಿಸಿದರೆ ಮಟ್ಟ ಎಷ್ಟಾಗುತ್ತದೆ? ತೂಕವನ್ನು ವರ್ಣದಿಂದ ಗುಣಿಸಿ, ಎಲ್ಲ ಕೂಡಿಸಿ, ಒಟ್ಟು ತೂಕದಿಂದ ಭಾಗಿಸಬೇಕು. 16 ವರ್ಣದ ಹತ್ತು ಗ್ರಾಂಗೆ 8 ವರ್ಣದ ಆರು ಗ್ರಾಂ ಸೇರಿಸಿದರೆ 160 ಮತ್ತು 48, ಒಟ್ಟು 208. ಹದಿನಾರು ಗ್ರಾಂನಿಂದ ಭಾಗಿಸಿದರೆ 13 ವರ್ಣ. ಹಳೆಯ ಒಡವೆ ಕೊಟ್ಟು ಹೊಸದು ಮಾಡಿಸುವಾಗ ಈಗಲೂ ಬೇಕಾಗುವ ಲೆಕ್ಕ ಇದು.

ಭತ್ತದ ಸುಗ್ಗಿಯಲ್ಲಿ ಇದೇ ಮಾತು. 75 ಕೆ.ಜಿ. ಚೀಲಕ್ಕೆ 2 ಕೆ.ಜಿ. ಕಡಿತ ಅಂದರೆ ಯಾರೂ ಜಗಳ ಆಡುವುದಿಲ್ಲ. 150 ಚೀಲಕ್ಕೆ ಅದು 300 ಕೆ.ಜಿ., ಅಂದರೆ ನಾಲ್ಕು ಚೀಲ ಭತ್ತ. 'ಎರಡು ಕಿಲೋ ಬಿಡ್ರಿ ಯಜಮಾನ್ರ' ಅಂದಾಗ ಬಿಡುವುದು ಎರಡು ಕಿಲೋ ಅಲ್ಲ, ನಾಲ್ಕು ಚೀಲ ಅಂತ ಆ ಗಳಿಗೆಯಲ್ಲೇ ಹೊಳೆಯಬೇಕು. ಲೆಕ್ಕ ಬಲ್ಲವರ ಎದುರು ತಕ್ಕಡಿ ನೆಟ್ಟಗೆ ನಿಲ್ಲುತ್ತದೆ.

ಅವನೂ ತಪ್ಪಿದ

ಹಳೆಯದೆಲ್ಲ ಸರಿ ಅನ್ನುವ ಹುಚ್ಚು ನಮಗೆ ಬೇಡ. ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಹಾಗೇ ಉಳಿಯುತ್ತದೆ ಅಂತ ಮಹಾವೀರಾಚಾರ್ಯ ಬರೆದ. ಅದು ತಪ್ಪು. ಹನ್ನೆರಡು ರೊಟ್ಟಿಯನ್ನು ನಾಲ್ಕು ಜನಕ್ಕೆ ಹಂಚಬಹುದು, ಯಾರಿಗೂ ಇಲ್ಲದ ಹಾಗೆ ಹಂಚುವುದು ಎಂಬ ಮಾತಿಗೆ ಅರ್ಥವಿಲ್ಲ. ಇಂದಿನ ಗಣಿತ ಆ ಭಾಗಾಕಾರವನ್ನೇ ಒಪ್ಪುವುದಿಲ್ಲ.

ಇನ್ನೊಂದು ಕಡೆ ಅವನು ತುಂಬ ಚುರುಕು. ಋಣ ಸಂಖ್ಯೆಗೆ ವರ್ಗಮೂಲ ಇಲ್ಲ, ಯಾಕೆಂದರೆ ಅದು ಯಾವುದರ ವರ್ಗವೂ ಅಲ್ಲ ಅಂದ. ಧನವನ್ನು ಧನದಿಂದ, ಋಣವನ್ನು ಋಣದಿಂದ ಗುಣಿಸಿದರೂ ಬರುವುದು ಧನವೇ ಅಲ್ಲವೇ? ಯೂರೋಪಿನವರು ಈ ಪ್ರಶ್ನೆಗೆ ಬಂದು ತಲೆ ಕೆಡಿಸಿಕೊಂಡದ್ದು ಏಳು ಶತಮಾನ ಆದ ಮೇಲೆ. ಅವರು ಬೇರೆ ಬಗೆಯ ಸಂಖ್ಯೆಯನ್ನೇ ಕಟ್ಟಿ ಆ ಬಾಗಿಲು ತೆರೆದರು. ತಪ್ಪನ್ನೂ ಸರಿಯನ್ನೂ ಎರಡನ್ನೂ ಹೇಳಿದಾಗಲೇ ಅದು ಇತಿಹಾಸ. ಬರೀ ಹೊಗಳಿಕೆ ಮುಂದೂಡಿದ ವಾಟ್ಸ್‌ಆ್ಯಪ್ ಮೆಸೇಜು.

ಕನ್ನಡದ ಕೈಗೆ ಬಂದ ಲೆಕ್ಕ

ಪುಸ್ತಕ ಮಳಖೇಡದ ಜೊತೆ ಮಣ್ಣಾಗಲಿಲ್ಲ. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದ. ಹನ್ನೆರಡನೆಯ ಶತಮಾನದಲ್ಲಿ ಜೈನ ಕವಿ ರಾಜಾದಿತ್ಯ ಕನ್ನಡದಲ್ಲೇ 'ವ್ಯವಹಾರಗಣಿತ', 'ಕ್ಷೇತ್ರಗಣಿತ' ಬರೆದ. ಕನ್ನಡದಲ್ಲಿ ಗಣಿತ ಬರೆದ ಮೊದಲಿಗ ಅವನು. ಮೂಲದ ಪ್ರತಿಗಳನ್ನು ಜೈನ ಬಸದಿ, ಮಠಗಳು ಕಾಪಾಡಿದವು, ಕನ್ನಡ ಲಿಪಿಯ ತಾಳೆಗರಿಗಳೂ ಅದರಲ್ಲಿದ್ದವು. ಅವನ್ನು ಕೂಡಿಸಿ ಎಂ. ರಂಗಾಚಾರ್ಯರು 1912ರಲ್ಲಿ ಮದ್ರಾಸಿನಲ್ಲಿ ಇಂಗ್ಲಿಷ್ ಅನುವಾದದ ಜೊತೆ ಅಚ್ಚು ಹಾಕಿಸಿದರು. 2000ದಲ್ಲಿ ಡಾ. ಪದ್ಮಾವತಮ್ಮನವರ ಕನ್ನಡ ಅನುವಾದ ಹೊಂಬುಜದಿಂದ ಹೊರಬಂತು. ಅಚ್ಚಾದ ಆ ಮೊದಲ ಪುಸ್ತಕಕ್ಕೂ ಮಸ್ಕಿಯ ಬಂಡೆ ಕಣ್ಣಿಗೆ ಬಿದ್ದದ್ದಕ್ಕೂ ಮೂರೇ ವರ್ಷದ ಅಂತರ.

ನಮ್ಮ ಶಾಲೆಗಳಲ್ಲಿ ಗಣಿತ ಅಂದರೆ ಮಕ್ಕಳಿಗೆ ಜ್ವರ. 'ನಮ್ಮ ಮಂದಿಗೆ ಗಣಿತ ಹತ್ತಲ್ಲ' ಅಂತ ದೊಡ್ಡವರೇ ಮಕ್ಕಳ ಮುಂದೆ ಹೇಳಿಬಿಡುತ್ತಾರೆ. ಹೆಣ್ಣುಮಕ್ಕಳಿಗಂತೂ ಇನ್ನೂ ಬೇಗ ಹೇಳುತ್ತಾರೆ. ಅದೇ ಮಗು ಸಂಜೆ ಅಂಗಡಿಯಲ್ಲಿ ಚಿಲ್ಲರೆ ಎಣಿಸುತ್ತದೆ, ಹೊಲದಲ್ಲಿ ಸಾಲಿಗೆ ಎಷ್ಟು ಗಿಡ ಅಂತ ಹೇಳುತ್ತದೆ. ದೊಡ್ಡವರಿಗೆ ಮಾತ್ರ ಅಂತ ತಿಳಿಯಬೇಡಿ ಎಂಬ ಮಾತು ಊರ ಗುಡ್ಡದ ಮೇಲೆ ಕಲ್ಲಲ್ಲಿ ಕೂತಿರುವಾಗ, ಊರೊಳಗೆ ಅದರ ಉಲ್ಟಾ ಹೇಳುವುದು ಸರಿಯಲ್ಲ.

ಎರಡು ಕೆಲಸ ಇವತ್ತೇ ಆಗಬಹುದು. ಮನೆಯ ಮಕ್ಕಳಿಗೆ 111ನ್ನು 111ರಿಂದ ಗುಣಿಸಲು ಕೊಡಿ. ಉತ್ತರ ಬಂದ ಮೇಲೆ 'ಯಾಕೆ ಹೀಗೆ?' ಅಂತ ಕೇಳಿ, ಅವರೇ ಬಿಡಿಸುವ ತನಕ ಸುಮ್ಮನಿರಿ. ಇನ್ನೊಂದು, ಮನೆಯಲ್ಲಿ ಅಜ್ಜ, ಅಜ್ಜಿ, ಆಯಿ ಇದ್ದರೆ ಅವರು ಲೆಕ್ಕಕ್ಕೆ ಬಳಸುತ್ತಿದ್ದ ಮಾತುಗಳನ್ನು ಕೇಳಿ ಬರೆದುಕೊಳ್ಳಿ: ಪಾವು, ಸೇರು, ಕೊಳಗ, ಖಂಡಗ, ಸವ್ವಾ, ದೀಡ, ಅಡೀಚ, ಕಾಲು, ಅರೆ, ಮುಕ್ಕಾಲು. ಯಾವುದರಿಂದ ಏನು ಅಳೆಯುತ್ತಿದ್ದರು, ಎಷ್ಟು ಸೇರಿ ಎಷ್ಟಾಗುತ್ತಿತ್ತು ಅಂತ ಕೇಳಿ. ಊರ ಹೆಸರು ಹಾಕಿ ನಮಗೆ ಕಳಿಸಿ, ಎಲ್ಲವನ್ನೂ ಒಂದು ಕಡೆ ಸೇರಿಸಿ ಇಲ್ಲಿ ಹಾಕುತ್ತೇವೆ. ಕಲ್ಲಿನ ಮೇಲಿನ ಮಾತನ್ನು ಕಾಯಲು ಸರ್ಕಾರದ ಇಲಾಖೆ ಇದೆ. ಬಾಯಿಮಾತಿನ ಲೆಕ್ಕವನ್ನು ಕಾಯಲು ನಾವೇ ಇರುವುದು.